ಜೆಲ್‌ನಿಂದ ಚುಚ್ಚುಮದ್ದಿಗೆ: ಟೆಸ್ಟೋಸ್ಟೆರಾನ್ ಔಷಧಿಗಳನ್ನು ಬಳಸಿ ನೋಡಿದ ಅನುಭವ

ಬೇರೆ ಬೇರೆ ದಿನ ಬೆಳಿಗ್ಗೆ ತೆಗೆದ ನನ್ನ ರಕ್ತದಲ್ಲಿ ಗಂಡಸರ ಮುಖ್ಯ ಲೈಂಗಿಕ ಹಾರ್ಮೋನ್ ಆದ ಟೆಸ್ಟೋಸ್ಟೆರಾನ್ ಎರಡು ಬಾರಿಯೂ ಡೆಸಿಲೀಟರಿಗೆ 300 ನ್ಯಾನೊಗ್ರಾಂಗಿಂತ ಕೆಳಗಿತ್ತು. ಜೊತೆಗೆ ತಿಂಗಳುಗಟ್ಟಲೆ ದಣಿವು, ಕುಗ್ಗಿದ ಕಾಮಾಸಕ್ತಿ. ಇವೆರಡೂ ಸೇರಿದ ಮೇಲೆಯೇ ವೈದ್ಯರು ಔಷಧಿ ಬರೆದುಕೊಟ್ಟರು.

ಮೊದಲು ಬಳಸಿದ್ದು ಶೇಕಡಾ 1ರ ಜೆಲ್. ಪೊಟ್ಟಣವೊಂದರಲ್ಲಿ 50 ಮಿಲಿಗ್ರಾಂ ಹಾರ್ಮೋನ್ ಇರುತ್ತದೆ. ಸ್ನಾನವಾದ ಮೇಲೆ ಅದನ್ನು ಭುಜಕ್ಕೆ ಹಚ್ಚಿದರೆ ಸ್ಪಿರಿಟ್ ವಾಸನೆ ಬಂದು, ಚರ್ಮ ತಣ್ಣಗಾಗಿ, ಕೆಲವು ನಿಮಿಷಗಳಲ್ಲಿ ಒಣಗುತ್ತದೆ. ರಕ್ತದಲ್ಲಿ ಹಾರ್ಮೋನ್ ಮಟ್ಟ ಹೆಚ್ಚು ಏರಿಳಿಯದೆ ನಿಲ್ಲುವುದೂ, ತೊಂದರೆಯಾದರೆ ಮರುದಿನದಿಂದಲೇ ನಿಲ್ಲಿಸಬಹುದಾದುದೂ ಇದರ ಹೆಚ್ಚುಗಾರಿಕೆ. ಆದರೆ ಹಚ್ಚಿದ ಜಾಗ ಮಕ್ಕಳಿಗೋ ಹೆಂಗಸರಿಗೋ ತಾಕಿದರೆ ಹಾರ್ಮೋನ್ ಅವರ ಮೈಗೂ ಇಳಿಯುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2009ರಲ್ಲಿ ಈ ಕಾರಣಕ್ಕಾಗಿಯೇ ಜೆಲ್‌ಗಳ ಮೇಲೆ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಬೆಳಿಗ್ಗೆ ಎತ್ತಿಕೋ ಎಂದು ಓಡಿ ಬರುವ ಮಗಳನ್ನು ಅಂಗಿ ತೊಡುವವರೆಗೆ ದೂರ ನಿಲ್ಲಿಸುವುದು ನನಗೆ ಒಗ್ಗಲಿಲ್ಲ.

ಎರಡು ವಾರಕ್ಕೊಮ್ಮೆ ಕೊಡುವ, ಟೆಸ್ಟೋಸ್ಟೆರಾನಿನ ಇನ್ನೊಂದು ರೂಪವಾದ ಎನಾಂಥೇಟ್ ಚುಚ್ಚುಮದ್ದಿಗೆ ಬದಲಾಯಿಸಿಕೊಂಡೆ. ಮೊದಲ ನಾಲ್ಕೈದು ದಿನ ಹುರುಪು ಅತಿಯಾಗಿ, ಕೊನೆಯ ದಿನಗಳಲ್ಲಿ ಮತ್ತೆ ಹಳೆಯ ದಣಿವು, ಸಿಡುಕು. ಅದೇ ಔಷಧಿಯ ಅರ್ಧ ಪ್ರಮಾಣವನ್ನು ವಾರವಾರ ತೆಗೆದುಕೊಂಡರೆ ಈ ಏರಿಳಿತ ತಗ್ಗುತ್ತದೆ. ಅಷ್ಟು ಸಲ ಸೂಜಿ ಚುಚ್ಚಿಸಿಕೊಳ್ಳುವ ಉತ್ಸಾಹ ನನಗಿರಲಿಲ್ಲ.

ಈಗ ನಡೆಯುತ್ತಿರುವುದು ಅಂಡೆಕನೋಯೇಟ್ ಎಂಬ, ಹೆಚ್ಚು ಕಾಲ ಕೆಲಸ ಮಾಡುವ ಟೆಸ್ಟೋಸ್ಟೆರಾನ್ ಚುಚ್ಚುಮದ್ದು. 1000 ಮಿಲಿಗ್ರಾಂ ಔಷಧಿಯನ್ನು 4 ಮಿಲಿಲೀಟರ್ ಎಣ್ಣೆಯಲ್ಲಿ ಕರಗಿಸಿರುತ್ತಾರೆ. ಅದರಲ್ಲಿ ಹರಳೆಣ್ಣೆಯಿರುವುದರಿಂದ ದ್ರವ ಮಂದವಾಗಿದ್ದು, ನರ್ಸ್ ಅದನ್ನು ಪೃಷ್ಠದ ಸ್ನಾಯುವಿಗೆ ಎರಡು ನಿಮಿಷದಷ್ಟು ಹೊತ್ತು ನಿಧಾನವಾಗಿ ಇಳಿಸುತ್ತಾರೆ. ಎಣ್ಣೆ ಶ್ವಾಸಕೋಶ ಸೇರಿ ಕೆಮ್ಮು ಬರುವುದು ಅಪರೂಪವಾದರೂ ಉಂಟಾದ್ದರಿಂದ, ಆಮೇಲೆ ಅರ್ಧ ಗಂಟೆ ಕೂರಿಸಿಕೊಳ್ಳುತ್ತಾರೆ. ಎರಡನೆಯ ಚುಚ್ಚುಮದ್ದು ಆರು ವಾರಕ್ಕೆ, ನಂತರ 10ರಿಂದ 14 ವಾರಗಳಿಗೊಮ್ಮೆ. ನನಗೆ ಹೆಚ್ಚು ಹಿಡಿಸಿದ್ದು ಇದೇ, ಆದರೆ ಒಮ್ಮೆ ಒಳಗೆ ಹೋದದ್ದನ್ನು ಹಿಂದಕ್ಕೆ ತೆಗೆಯಲಾಗದು.

ಯಾವುದನ್ನು ಆರಿಸಿದರೂ, ಹೊರಗಿನ ಟೆಸ್ಟೋಸ್ಟೆರಾನ್ ಸಿಕ್ಕೊಡನೆ ವೃಷಣಗಳಿಗೆ ಮೆದುಳಿನಿಂದ ಹೋಗುವ ಸೂಚನೆ ನಿಂತು ವೀರ್ಯಾಣುಗಳ ಸಂಖ್ಯೆ ಕುಸಿಯುತ್ತದೆ. ಮಕ್ಕಳು ಬೇಕೆನ್ನುವವರು ಇದನ್ನು ಶುರುಮಾಡುವ ಮೊದಲೇ ವೈದ್ಯರಿಗೆ ಹೇಳಬೇಕು. ಅಂಥವರಿಗೆ ವೃಷಣಗಳೇ ಟೆಸ್ಟೋಸ್ಟೆರಾನ್ ತಯಾರಿಸುವಂತೆ ಪ್ರಚೋದಿಸುವ ಕ್ಲೋಮಿಫೀನ್ ಅಥವಾ ಎಚ್‌ಸಿಜಿ ಎಂಬ ಔಷಧಿ ಕೊಡುವ ಕ್ರಮವುಂಟು. ಜಿಮ್‌ನ ಗೆಳೆಯರು ಕೊಡುವ ಸಲಹೆಯಲ್ಲಿ ಈ ಮಾತು ಬರುವುದೇ ಇಲ್ಲ. ಟೆಸ್ಟೋಸ್ಟೆರಾನ್ ಪಡೆದ ಗಂಡಸರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಟ್ರಾವರ್ಸ್ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯ ಹೆಚ್ಚಿದಂತೆ ಕಾಣದಿದ್ದರೂ ಹೃದಯದ ಲಯ ತಪ್ಪುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಸ್ವಲ್ಪ ಹೆಚ್ಚಾಗಿತ್ತು. ಔಷಧಿ ನಡೆಯುತ್ತಿರುವಾಗ ಪ್ರಾಸ್ಟೇಟ್ ಗ್ರಂಥಿಯ ಮೇಲೆ ಕಣ್ಣಿಡಲು ಪಿಎಸ್‌ಎ ಎಂಬ ರಕ್ತಪರೀಕ್ಷೆಯ ಜೊತೆಗೆ, ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟೆಂದು ತೋರಿಸುವ ಹೆಮಟೋಕ್ರಿಟ್ ಕೂಡ ಪರೀಕ್ಷಿಸುತ್ತಾರೆ; ಈ ಪಾಲು ಶೇಕಡಾ 54 ದಾಟಿದರೆ ಔಷಧಿ ನಿಲ್ಲಿಸುತ್ತಾರೆ. ಕಳೆದ ಬಾರಿ ನನ್ನದು 51 ಬಂದಿತ್ತು; ಮುಂದಿನ ಚುಚ್ಚುಮದ್ದನ್ನು ವೈದ್ಯರು ಎರಡು ವಾರ ಮುಂದೂಡಿದ್ದಾರೆ.