ಪೆನ್‌ಟೆಸ್ಟ್ ಟನೆಲಿಂಗ್: ಪ್ರಾಕ್ಸಿಚೈನ್ಸ್, ಎಸ್‌ಎಸ್‌ಶಟಲ್ ಅಥವಾ ಚಿಸೆಲ್?

ಪೆನ್‌ಟೆಸ್ಟ್‌ಗೆ (ದಾಳಿಕೋರರಂತೆ ನುಗ್ಗಿ ನೋಡುವ ಭದ್ರತಾ ಪರೀಕ್ಷೆ) ಲಿಖಿತ ಅನುಮತಿ ಇದೆ, ಒಳಗಿನ ನೆಟ್‌ವರ್ಕ್‌ಗೆ ಒಂದೇ ಸರ್ವರ್ ದಾರಿ ಎಂದಾದರೆ, ಅದರ ಮೂಲಕ ನಿಮ್ಮ ಟ್ರಾಫಿಕ್ ಸಾಗಿಸಬೇಕು (ಟನೆಲಿಂಗ್); ಅಲ್ಲಿ ಎಸ್‌ಎಸ್‌ಹೆಚ್ (ದೂರದ ಯಂತ್ರಕ್ಕೆ ಸುರಕ್ಷಿತ ಸಂಪರ್ಕ) ಲಾಗಿನ್ ಸಿಗುತ್ತದೆಯೇ ಎಂದು ಮೊದಲು ನೋಡಿ. ಸಿಕ್ಕರೆ ಡೈನಾಮಿಕ್ ಫಾರ್ವರ್ಡಿಂಗ್ (ಎಸ್‌ಎಸ್‌ಹೆಚ್ ಸಂಪರ್ಕವನ್ನೇ ಪ್ರಾಕ್ಸಿಯಾಗಿ ಬಳಸುವುದು) ಜೊತೆ ಪ್ರಾಕ್ಸಿಚೈನ್ಸ್ (ಬೇರೆ ಟೂಲ್‌ಗಳನ್ನು ಆ ಪ್ರಾಕ್ಸಿಯತ್ತ ತಿರುಗಿಸುವ ಟೂಲ್) ಸಾಕು; ಆ ಕಡೆ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ತಲೆನೋವು ಬೇರೆಯೇ ಇದೆ: ಪ್ರಾಕ್ಸಿಚೈನ್ಸ್ ಪ್ರೋಗ್ರಾಂಗಳ ಲೈಬ್ರರಿ ಕರೆಗಳನ್ನು ನಡುವೆ ಹಿಡಿದು ತಿರುಗಿಸುವುದರಿಂದ, ಗೋ ಭಾಷೆಯ ಸ್ಟ್ಯಾಟಿಕ್ ಬೈನರಿಗಳು (ಹೊರಗಿನ ಲೈಬ್ರರಿ ಬಳಸದ ಪ್ರೋಗ್ರಾಂ ಫೈಲ್‌ಗಳು) ಸದ್ದಿಲ್ಲದೆ ಟನೆಲ್‌ನಿಂದ ತಪ್ಪಿಸಿಕೊಳ್ಳುತ್ತವೆ. ಪೋರ್ಟ್ ಹುಡುಕುವ ಎನ್‌ಮ್ಯಾಪ್‌ನಲ್ಲೂ ಅರ್ಧ ಸಂಪರ್ಕದ ಸಿನ್ ಸ್ಕ್ಯಾನ್ ಬಿಟ್ಟು, ಪೂರ್ತಿ ಸಂಪರ್ಕ ಮಾಡುವ ನಿಧಾನದ ಕನೆಕ್ಟ್ ಸ್ಕ್ಯಾನ್‌ಗೆ ಇಳಿಯಬೇಕು.

ಬ್ರೌಸರ್‌ನಲ್ಲಿ ಹತ್ತಾರು ಆಂತರಿಕ ಆ್ಯಪ್‌ ಪರೀಕ್ಷಿಸುವವರಿಗೆ ಎಸ್‌ಎಸ್‌ಹೆಚ್ ಮೇಲೆಯೇ ನಡೆಯುವ ಎಸ್‌ಎಸ್‌ಶಟಲ್ ಹಿತ; ಇಡೀ ಸಬ್‌ನೆಟ್‌ಗೆ (ಆ ನೆಟ್‌ವರ್ಕ್‌ನ ವಿಳಾಸಗಳ ಗುಂಪು) ಹೋಗುವ ಟ್ರಾಫಿಕ್ಕೇ ಟನೆಲ್‌ಗೆ ಹೋಗುತ್ತದೆ. ನಿಮ್ಮ ಯಂತ್ರದಲ್ಲಿ ರೂಟ್ (ಅಡ್ಮಿನ್) ಅಧಿಕಾರ, ಆಚೆಯ ಸರ್ವರ್‌ನಲ್ಲಿ ಪೈಥಾನ್ ಬೇಕು. ಪೋರ್ಟ್ ಸ್ಕ್ಯಾನ್‌ಗೆ ಮಾತ್ರ ನಂಬಬೇಡಿ, ಮುಚ್ಚಿದ ಪೋರ್ಟೂ ತೆರೆದಂತೆ ಕಾಣಬಹುದು.

ಎಸ್‌ಎಸ್‌ಹೆಚ್ ಇಲ್ಲದ ವಿಂಡೋಸ್, ವೆಬ್ ಟ್ರಾಫಿಕ್ ಮಾತ್ರ ಬಿಡುವ ಫೈರ್‌ವಾಲ್ ಆದರೆ, ವೆಬ್ ಟ್ರಾಫಿಕ್‌ನೊಳಗೇ ಟನೆಲ್ ಕಟ್ಟುವ ಚಿಸೆಲ್ ಬಳಸಿ. ಗ್ರಾಹಕರ ಯಂತ್ರದಲ್ಲಿ ಅದರ ಬೈನರಿ ಇಡಬೇಕಾಗುವುದರಿಂದ ಒಪ್ಪಂದದಲ್ಲಿ ಅದಕ್ಕೆ ಅವಕಾಶ ಇರಲಿ, ಕೆಲಸ ಮುಗಿದ ಮೇಲೆ ಅಳಿಸಿ, ವರದಿಯಲ್ಲಿ ನಮೂದಿಸಿ.