ಉಡುಪಿಯ ಭಾನುವಾರದ ಗೆರೆ ತರಗತಿ: ಸೇರಬಹುದಾ?

ಮುಖದ ಹೋಲಿಕೆ ಬರಲೇಬೇಕು ಎನ್ನುವವರಿಗೆ ಈ ರೇಖಾಚಿತ್ರ ತರಗತಿ ಹಿಡಿಸಲಿಕ್ಕಿಲ್ಲ. ಬಾಗಿದ, ತಿರುಗಿದ, ದಣಿದ ಮೈಯನ್ನು ನಾಲ್ಕಾರು ಗೆರೆಗಳಲ್ಲಿ ಹಿಡಿಯಬೇಕೆಂಬ ಹಂಬಲ ಇರುವವರು ಧೈರ್ಯವಾಗಿ ಸೇರಬಹುದು. ರಥಬೀದಿಯಿಂದ ನಡೆದೇ ಹೋಗುವಷ್ಟು ಹತ್ತಿರ, ಹಳೆ ಮನೆಯ ಮಾಳಿಗೆಯಲ್ಲಿ, ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೆರಡರವರೆಗೆ. ಒಂದು ತರಗತಿಗೆ 350 ರೂಪಾಯಿ. ಬೋರ್ಡ್, ಕ್ಲಿಪ್, ನ್ಯೂಸ್‌ಪ್ರಿಂಟ್ ಹಾಳೆ ಅವರದ್ದು. ಚಾರ್ಕೋಲ್, ಬ್ರಷ್, ಇಂಕ್ ನಮ್ಮದು. ರಬ್ಬರ್ ತರುವ ಹಾಗಿಲ್ಲ.

ಮೊದಲು ಅರ್ಧ ನಿಮಿಷದ ಭಂಗಿಗಳು, ಆಮೇಲೆ ಎರಡು ನಿಮಿಷದವು, ಕೊನೆಗೆ ಇಪ್ಪತ್ತು ನಿಮಿಷದ ಒಂದೇ ಒಂದು. ಹೆಚ್ಚಾಗಿ ಮಾಡೆಲ್ ಆಗಿ ಬರುವವರು ಬಡಗುತಿಟ್ಟು ಯಕ್ಷಗಾನದ ಹವ್ಯಾಸಿ ಕಲಾವಿದರೊಬ್ಬರು. ವೇಷ, ಕಿರೀಟ ಏನೂ ಇಲ್ಲ. ಬನಿಯನ್, ಎತ್ತಿ ಕಟ್ಟಿದ ಪಂಚೆ, ಕಾಲಿಗೆ ಗೆಜ್ಜೆ. ಮಂಡಿ ಹಾಕಿ ತಿರುಗಿ ಒಮ್ಮೆಲೇ ಎದ್ದು ನಿಲ್ಲುತ್ತಾರೆ. ಈಗಷ್ಟೇ ತಿರುಗಿದ ಮೈ ಇದು ಎಂದು ನಮ್ಮ ಗೆರೆ ಹೇಳಬೇಕು.

ನನ್ನ ಪಕ್ಕದ ಕಾಲೇಜು ಹುಡುಗಿ ಪಂಚೆಯ ನೆರಿಗೆಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ಮೇಷ್ಟ್ರು ಬಂದು ನಿಂತರು. "ನೆರಿಗೆ ಆಮೇಲೆ ನೋಡುವ ಮಾರಾಯ್ತಿ. ಭಾರ ಯಾವ ಕಾಲಲ್ಲಿ ಉಂಟು?"

"ಎಡಗಾಲು ಸರ್."

"ಹಾಗಾದ್ರೆ ಅಲ್ಲಿ ಒತ್ತು. ಬಾಕಿದ್ದು ಬಿಡು."

ಹೊಸ ಹಾಳೆಯಲ್ಲಿ ಕತ್ತಿನ ಹಿಂಬದಿಯಿಂದ ಎಡ ಹಿಮ್ಮಡಿಯವರೆಗೆ ಅವಳ ಒಂದೇ ಎಳೆತ. ಸೊಂಟದಲ್ಲಿ ಬ್ರಷ್ ಒತ್ತಿ ಗೆರೆ ದಪ್ಪಗಾಯಿತು, ತೊಡೆ ದಾಟಿದ ಮೇಲೆ ಇಂಕ್ ತೀರುತ್ತಾ ಒರಟಾಯಿತು, ಹಿಮ್ಮಡಿಗೆ ಬಂದು ಮತ್ತೆ ಒತ್ತಿತು. ಬಲಗೈಯನ್ನು ಅವಳು ಬಿಡಿಸಲೇ ಇಲ್ಲ. ಆದರೂ ಕೈ ಹಿಂದಕ್ಕೆ ಬೀಸಿದ್ದು ಕಾಣುತ್ತಿತ್ತು, ಏಕೆಂದರೆ ಭುಜದ ಗೆರೆ ಅಷ್ಟು ಸರಿಯಾಗಿ ವಾಲಿತ್ತು. ಅಮೂರ್ತ ಅಂದರೆ ಅರ್ಥವಾಗದ್ದು ಎಂದುಕೊಂಡವರಿಗೆ ಆ ಹಾಳೆಯನ್ನು ತೋರಿಸಬೇಕು.

ಗೋಡೆಯಲ್ಲಿ ಕೆ. ಕೆ. ಹೆಬ್ಬಾರರ ರೇಖಾಚಿತ್ರಗಳ ಪ್ರಿಂಟ್‌ಗಳಿವೆ. 1911ರಲ್ಲಿ ಇಲ್ಲೇ ಕಟ್ಟಿಂಗೇರಿಯಲ್ಲಿ ಹುಟ್ಟಿದವರು, ಲಯ ಮೈಗೆ ಹತ್ತಲಿ ಎಂದು ಕಥಕ್ ಕಲಿತವರು. ಕಣ್ಣು ಮೂಗು ಇಲ್ಲದಿದ್ದರೂ ಅವರ ನರ್ತಕಿಯರ ತಾಳ ತಪ್ಪುವುದಿಲ್ಲ. ಪಿಕಾಸೊ 1945-46ರಲ್ಲಿ ಮಾಡಿದ ಗೂಳಿಯ 11 ಲಿಥೋಗ್ರಾಫ್‌ಗಳನ್ನೂ (ಕಲ್ಲಚ್ಚಿನ ಚಿತ್ರಗಳು) ಮೇಷ್ಟ್ರು ಸಾಲಾಗಿ ಹರಡಿ ತೋರಿಸುತ್ತಾರೆ: ಮಾಂಸಖಂಡ ತುಂಬಿದ ಗೂಳಿ ಕರಗುತ್ತಾ ಕರಗುತ್ತಾ ಕೊನೆಗೆ ಬರೀ ಕೆಲವು ಗೆರೆ. ಆದರೆ ಹನ್ನೊಂದನೆಯದನ್ನೇ ನೇರ ನಕಲು ಮಾಡಲು ಬಿಡುವುದಿಲ್ಲ. ಈ ವಿಷಯದಲ್ಲಿ ನಾನು ಪೂರ್ತಿ ಅವರ ಪಕ್ಷ. ಇನ್‌ಸ್ಟಾಗ್ರಾಮಿನಲ್ಲಿ ಓಡಾಡುವ ಒಂದೇ ಗೆರೆಯ ಮುಖಗಳಲ್ಲಿ ಹೆಚ್ಚಿನವು ತಂತಿ ಬಗ್ಗಿಸಿದಂತೆ, ಎಲ್ಲಿ ನೋಡಿದರೂ ಒಂದೇ ದಪ್ಪ. ಎಲುಬು ಎಲ್ಲಿ, ಮಾಂಸ ಎಲ್ಲಿ ಎಂದು ಆ ಕೈಗೆ ಗೊತ್ತಿಲ್ಲ.

ಕೊರತೆಗಳೂ ಉಂಟು. ಮಳೆಗಾಲದಲ್ಲಿ ನ್ಯೂಸ್‌ಪ್ರಿಂಟ್ ತಂಡಿ ಹಿಡಿದು ಇಂಕ್ ಹಬ್ಬುತ್ತದೆ. ಜೂನ್‌ನಿಂದ ನಿಮ್ಮದೇ ದಪ್ಪಗಿನ ಕಾರ್ಟ್ರಿಜ್ ಹಾಳೆ ಒಯ್ಯಿರಿ. ಕೊನೆಗೆ ಚಿತ್ರಗಳನ್ನು ನೋಡಿ ಮಾತಾಡುವ ಹೊತ್ತು ಬಹಳ ಕಡಿಮೆ, ಇನ್ನೂ ಅರ್ಧ ಗಂಟೆ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ವಾರ ವಾರವೂ ಕುಣಿದು ಪಳಗಿದ ಮೈಯೇ ಆದರೆ ಲಯವನ್ನು ಅದೇ ಕೊಟ್ಟುಬಿಡುತ್ತದೆ, ನಾವು ಹುಡುಕುವುದಿಲ್ಲ. ಬುಟ್ಟಿ ಇಳಿಸಿ ಕುಳಿತ ಮೀನು ಮಾರುವ ಅಮ್ಮ, ಬಸ್ಸಿಗೆ ಕಾದು ಸೊಂಟ ವಾಲಿಸಿ ನಿಂತ ಮಾಮೂಲಿ ಮನುಷ್ಯ ಇವರನ್ನೂ ಕೂರಿಸಬೇಕು. ಹೇಳಿದ್ದೇನೆ, ನೋಡುವ ಅಂದಿದ್ದಾರೆ.

ಸೇರುವ ಮೊದಲು ಒಂದು ವಾರ ಸುಮ್ಮನೆ ಕೂತು ನೋಡಲು ಬಿಡುತ್ತಾರೆ, ದುಡ್ಡು ತೆಗೆದುಕೊಳ್ಳುವುದಿಲ್ಲ. ಕಿಟಕಿ ಬದಿಯ ಜಾಗ ಬೇಕಾದರೆ ಒಂಬತ್ತಕ್ಕೇ ಹೋಗಿ.