ಪಾಯಿಂಟ್ ಆಟವೋ, ಫೆಡರೇಶನ್ ನಿಯಮವೋ: ಕ್ಲಬ್ಬಿನ ಕೇರಂ ಬೋರ್ಡಿಗೆ ಯಾವುದು ವಾಸಿ?

ಕುಂಬಳೆಯಿಂದ ಮುಳ್ಳೇರಿಯದವರೆಗೆ ಯಾವ ಕ್ಲಬ್ಬಿಗೆ ಹೋದರೂ ಸಂಜೆಯ ಕೇರಂ ಎಂದರೆ ಹೆಚ್ಚಾಗಿ ಪಾಯಿಂಟ್ ಆಟವೇ. ಕರಿಗೆ 10, ಬಿಳಿಗೆ 20, ಒಂದೇ ಒಂದಿರುವ ಕೆಂಪು ಕಾಯಿಗೆ, ಅಂದರೆ ರೆಡ್ಡಿಗೆ, 50. ಯಾರು ಯಾವ ಪಾನ್ (ಕಾಯಿ) ಬೇಕಾದರೂ ಹಾಕಬಹುದು. ಒಬ್ಬರಿಗೆ ಕರಿ, ಇನ್ನೊಬ್ಬರಿಗೆ ಬಿಳಿ ಎಂದು ಆಡುವ ಫೆಡರೇಶನ್ ನಿಯಮ ನೆನಪಾಗುವುದು ಟೂರ್ನಮೆಂಟಿನ ನೋಟೀಸು ಬಂದಾಗ, ಜಗಳವೂ ಆಗಲೇ ಶುರು. ಎರಡನ್ನೂ ಒಂದೇ ಬೋರ್ಡಿನಲ್ಲಿ ಆಡಿ ನೋಡಿದ ಮೇಲೆ ನನ್ನ ಓಟು ಫೆಡರೇಶನ್ ನಿಯಮಕ್ಕೆ. ದೊಡ್ಡ ಕಾರಣ ಒಂದೇ: ಫೈನ್.

ಸ್ಟ್ರೈಕರ್ ಗುಂಡಿಗೆ ಬಿದ್ದರೆ ಪಾನ್ ವಾಪಸ್ ಇಡಬೇಕು, ಇಷ್ಟಕ್ಕೆ ಎಲ್ಲರೂ ಒಪ್ಪುತ್ತಾರೆ. ಯಾವ ಪಾನ್? ಪಾಯಿಂಟ್ ಆಟದಲ್ಲಿ ಅದಕ್ಕೆ ಊರಿಗೊಂದು ಕಾನೂನು. ಒಂದು ಕಡೆ ಕರಿ ಕೊಟ್ಟರೆ ಸಾಕು, ಇನ್ನೊಂದು ಕಡೆ ಕೊನೆಗೆ ಹಾಕಿದ್ದೇ ಆಗಬೇಕು, ಮತ್ತೊಂದು ಕಡೆ ಬಿಳಿ ಇದ್ದರೆ ಬಿಳಿಯೇ. ಕರಿ ಸಾಕೆನ್ನುವಲ್ಲಿ ಪಳಗಿದವರು ಮೊದಲೇ ಒಂದೆರಡು ಕರಿ ಹಾಕಿ ಚಿಲ್ಲರೆಯ ಹಾಗೆ ಇಟ್ಟುಕೊಂಡಿರುತ್ತಾರೆ. ಬರೀ ಬಿಳಿ ಹಾಕಿದವನು ಅದೇ ತಪ್ಪಿಗೆ ಇಮ್ಮಡಿ ತೆರಬೇಕು.

ಆಮೇಲೆ ಎಲ್ಲಿಡುವುದು? ನಡುವಿನಲ್ಲಿ. ಅಲ್ಲಿ ಬೇರೆ ಪಾನ್ ಕೂತಿದ್ದರೆ? ತಾಗಿಸಿ ಇಡು. ಯಾವ ಬದಿಗೆ? ತಪ್ಪು ಮಾಡಿದವನೇ ಇಡುವುದಾದರೆ ತನ್ನ ಗುಂಡಿಗೆ ನೇರ ಬರುವ ಬದಿಗೇ ಇಡುತ್ತಾನೆ, ಬಿಡುತ್ತಾನೆಯೇ!

ಫೆಡರೇಶನ್ ನಿಯಮದಲ್ಲಿ ಈ ಚರ್ಚೆಗೆ ಜಾಗವೇ ಇಲ್ಲ. ಸ್ಟ್ರೈಕರ್ ಒಂದೇ ಬಿದ್ದರೆ ನಿಮ್ಮ ಒಂದು ಪಾನ್ ವಾಪಸ್ ಬೋರ್ಡಿಗೆ, ಸರದಿಯೂ ಹೋಯಿತು. ಸ್ಟ್ರೈಕರ್ ಜತೆ ನಿಮ್ಮದೇ ಪಾನ್ ಬಿದ್ದರೆ ಅದೂ ಇನ್ನೊಂದೂ ವಾಪಸ್ ಬೋರ್ಡಿಗೆ, ಆದರೆ ಸರದಿ ನಿಮ್ಮಲ್ಲೇ ಉಳಿಯುತ್ತದೆ. (ಮನೆ ಆಟದಲ್ಲಿ ಬೆಳೆದವರು ಇದನ್ನು ಸುಲಭಕ್ಕೆ ನಂಬುವುದಿಲ್ಲ.) ಇಡುವ ಹಕ್ಕು ಎದುರಾಳಿಯದು: 17 ಸೆಂ.ಮೀ. ವ್ಯಾಸದ ದೊಡ್ಡ ವೃತ್ತದೊಳಗೆ, ಮಲಗಿಸಿ. ತನ್ನ ಪಾನಿನ ಮರೆಯಲ್ಲಿ ಇಟ್ಟರೆ ತಕರಾರು ಎತ್ತುವ ಹಾಗಿಲ್ಲ. ನೀವು ಇನ್ನೂ ಒಂದೂ ಹಾಕಿರದಿದ್ದರೆ ಫೈನ್ ಬಾಕಿ ಉಳಿದು, ಪಾನ್ ಬಿದ್ದಾಗ ತೀರುತ್ತದೆ.

ರೆಡ್ಡಿನ ಲೆಕ್ಕವೂ ಬೇರೆ. ಪಾಯಿಂಟ್ ಆಟದಲ್ಲಿ ಬೋರ್ಡಿಗೆ, ಅಂದರೆ ಒಂದು ಸುತ್ತಿಗೆ, ಒಟ್ಟು 320. ರೆಡ್ಡಿನ ಜತೆಗೆ ಹಾಕಬೇಕಾದ ಪಾನ್, ಅಂದರೆ ಕವರ್, ಬಿಳಿಯಾದರೆ ಒಂದೇ ಸರದಿಗೆ 70. ಹಾಗಾಗಿ ಬ್ರೇಕ್ (ಮೊದಲ ಹೊಡೆತ) ಆದ ಕೂಡಲೇ ಎಲ್ಲರ ಕಣ್ಣೂ ಅದರ ಮೇಲೆ. ಫೆಡರೇಶನ್ ನಿಯಮದಲ್ಲಿ ನಿಮ್ಮ ಒಂದು ಪಾನ್ ಮೊದಲು ಬಿದ್ದಿರಬೇಕು, ಆಮೇಲೆ ರೆಡ್, ಅದೇ ಹೊಡೆತದಲ್ಲಿ ಅಥವಾ ಮುಂದಿನದರಲ್ಲಿ ಕವರ್. ಸಿಗುವುದು 3 ಪಾಯಿಂಟ್, ಅದೂ ಬೋರ್ಡ್ ಗೆದ್ದರೆ ಮಾತ್ರ. ನಿಮ್ಮ ಲೆಕ್ಕ 22 ಮುಟ್ಟಿದ ಮೇಲೆ ಆ 3 ಕೂಡ ಇಲ್ಲ. ರೆಡ್ ಬೋರ್ಡಿನಲ್ಲಿರುವಾಗ ನಿಮ್ಮ ಕೊನೆಯ ಪಾನ್ ಬಿದ್ದರೆ ಬೋರ್ಡೇ ಹೋಯಿತು. ಗೇಮು 25 ಪಾಯಿಂಟಿಗೆ ಅಥವಾ 8 ಬೋರ್ಡಿಗೆ. ಒಂದು ಬೋರ್ಡಿನಲ್ಲಿ ಹೆಚ್ಚೆಂದರೆ 12 ಸಿಗುವುದರಿಂದ ಕನಿಷ್ಠ ಮೂರು ಬೋರ್ಡಾದರೂ ಬೇಕು. ಕೊನೆಯ ಬಸ್ಸು ಹಿಡಿಯುವವರು ಒಂದೇ ಬೋರ್ಡಿಗೆ ಮಾತಾಡಿಕೊಳ್ಳುವುದು ಒಳ್ಳೆಯದು.

ಹೆಬ್ಬೆರಳಲ್ಲಿ ಹೊಡೆಯುವುದು ಹಲವು ಕ್ಲಬ್ಬುಗಳಲ್ಲಿ ನಿಷಿದ್ಧ. ಅಂತರರಾಷ್ಟ್ರೀಯ ಫೆಡರೇಶನ್ ಒಪ್ಪುತ್ತದೆ.

ಹೊಸ ನಿಯಮಕ್ಕೆ ಹೊಸ ಬೋರ್ಡ್ ಬೇಕೆಂದಿಲ್ಲ, ಆದರೆ ಅಳೆದು ನೋಡಿ. ಆಡುವ ಜಾಗ ಸುಮಾರು 74 ಸೆಂ.ಮೀ. ಚೌಕ, ಗುಂಡಿ 4.45 ಸೆಂ.ಮೀ. ಮಕ್ಕಳ ಬೋರ್ಡಿನಲ್ಲಿ ಫೈನ್ ಇಡುವ ವೃತ್ತವೇ ಇಕ್ಕಟ್ಟು. ಬೇಸ್ ಗೆರೆಯ ತುದಿಯ ವೃತ್ತವನ್ನು ಸ್ಟ್ರೈಕರ್ ಪೂರ್ತಿ ಮುಚ್ಚಬೇಕು ಅಥವಾ ಮುಟ್ಟಲೇಬಾರದು. ವೃತ್ತವನ್ನೇ ದೊಡ್ಡದಾಗಿ ಬಿಡಿಸಿದ ಅಗ್ಗದ ಬೋರ್ಡಿನಲ್ಲಿ ಇದು ಆಗದ ಮಾತು. ಸ್ಟ್ರೈಕರ್ 15 ಗ್ರಾಂ ಮೀರಬಾರದು. ಬ್ರೇಕಿಗೆ ಚಂದವೆಂದು ಇಟ್ಟುಕೊಂಡ ಭಾರದ ಸ್ಟ್ರೈಕರ್ ಪಾನುಗಳ ಅಂಚನ್ನೂ ಒಡೆಯುತ್ತದೆ.

ಮಳೆಗಾಲದ ಆಟಿ ತಿಂಗಳಲ್ಲಿ ಯಾವ ನಿಯಮವಾದರೂ ಬೋರ್ಡ್ ಓಡುವುದಿಲ್ಲ. ತೇವಕ್ಕೆ ಬೋರಿಕ್ ಪುಡಿ ಗಂಟು ಕಟ್ಟುತ್ತದೆ, ಅದರ ಮೇಲೆ ಇನ್ನಷ್ಟು ಪುಡಿ ಸುರಿಯುವುದು ಎಲ್ಲರ ಚಾಳಿ. ಒಣಬಟ್ಟೆಯಲ್ಲಿ ಪೂರ್ತಿ ಒರೆಸಿ, ಮತ್ತೆ ಒಂದು ಚಿಟಿಕೆ ಹಾಕಿ. ಬೋರ್ಡಿನ ಮೇಲೆ ತಗ್ಗಿಸಿ ಕಟ್ಟುತ್ತಿದ್ದ ಹಳೆಯ ಬಲ್ಬಿನ ಬಿಸಿ ಮೇಲ್ಮೈಯನ್ನು ಒಣಗಿಸುತ್ತಿತ್ತು. ಎಲ್‌ಇಡಿಯಲ್ಲಿ ಬೆಳಕು ಮಾತ್ರ.

ಮೂವರೇ ಇದ್ದಾಗ ಪಾಯಿಂಟ್ ಆಟವೇ ಗತಿ, ಫೆಡರೇಶನ್ ನಿಯಮ ಇಬ್ಬರಿಗೆ ಅಥವಾ ನಾಲ್ವರಿಗೆ. ಆಗ ಫೈನ್ ಎಂದರೆ 20 ಎಂದು ಮೊದಲೇ ಗೊತ್ತು ಮಾಡಿ: ಒಂದು ಬಿಳಿ ಅಥವಾ ಎರಡು ಕರಿ. ಇಡುವವನು ಮುಂದಿನ ಸರದಿಯವನು, ದೊಡ್ಡ ವೃತ್ತದೊಳಗೆ.